ಬೆನ್ನಿನ ಕೊಬ್ಬಿನ ಬಗ್ಗೆ ಹಂದಿ ಮಹಾಶಯರಿಗೊಂದು ಬಿನ್ನಹ

ಮರಮುರೇಶ್, ಅಕ್ಟೋಬರ್ ತಿಂಗಳು

ನಮ್ಮ ಹಿತ್ತಿಲ ದೊಡ್ಡಿಯಲ್ಲಿ ದಿನದಿನಕ್ಕೆ ಅಗಲವಾಗುತ್ತಿರುವ ಮಾನ್ಯ ಹಂದಿ ಮಹಾಶಯರೇ,

ತಮ್ಮ ಊಟಕ್ಕೆ ಅಡ್ಡ ಬಂದೆನೆಂದು ಬೇಸರಿಸಬೇಡಿ; ಯಾವ ಹೊತ್ತಿಗೆ ಬಂದರೂ ತಾವು ಊಟದಲ್ಲೇ ಇರುತ್ತೀರಿ.

ತಾವು ಮರಿಯಾಗಿ ಈ ಮನೆಗೆ ಬಂದ ವಾರವೇ ನನ್ನ ಮಗಳು ಇಲಿಂಕಾ ಹುಟ್ಟಿದಳು. ಅಂದಿನಿಂದ ಅತ್ತೆ ಫ್ಲೋರಿಯಾ ಅವರು ಇಬ್ಬರನ್ನೂ ಒಂದೇ ಕಣ್ಣಲ್ಲಿ ಅಳೆಯುತ್ತಿದ್ದಾರೆ. "ನೋಡೇ ರುಕ್ಸಾಂದ್ರಾ, ಅವನು ಬಾಗಿಲಲ್ಲಿ ಹಿಡಿಸಲ್ಲ, ನಿನ್ನ ಮಗಳು ಇನ್ನೂ ನನ್ನ ಒಂದು ಮೊಳಕ್ಕಿಂತ ಉದ್ದ ಆಗಿಲ್ಲ" ಎನ್ನುತ್ತಾರೆ. ನರ್ಸ್ ಬಂದು ತೂಗಿ, ಮಗು ಚೆನ್ನಾಗೇ ಬೆಳೆಯುತ್ತಿದೆ ಎಂದರೆ, "ಪಟ್ಟಣದ ತಕ್ಕಡಿ ತಾನೇ, ಅದಕ್ಕೇನು ಗೊತ್ತು" ಎನ್ನುತ್ತಾರೆ. ನರ್ಸನ್ನು ನಂಬಿದ ನಾನೂ ನಿದ್ದೆಗೆಟ್ಟ ಕಣ್ಣಲ್ಲಿ ಮಗುವಿನ ಪಕ್ಕೆಲುಬು ಮುಟ್ಟಿ ಮುಟ್ಟಿ ನೋಡುತ್ತೇನೆಂಬುದು ನಮ್ಮಿಬ್ಬರಲ್ಲೇ ಇರಲಿ.

ಈಗ ಅತ್ತೆ ಶಪಥ ಮಾಡಿದ್ದಾರೆ: "ಡಿಸೆಂಬರಲ್ಲಿ ಇಗ್ನಾತ್ ಹಬ್ಬಕ್ಕೆ ಹಂದಿ ಕಡೀತೀವಲ್ಲ, ಅವತ್ತೇ ಬೆನ್ನಿನ ಕೊಬ್ಬಿನ ತುಂಡು ಬಟ್ಟೇಲಿ ಕಟ್ಟಿ ಮಗು ಬಾಯಿಗಿಡ್ತೀನಿ. ನಿನ್ನ ಗಂಡನೂ ಅದನ್ನೇ ಚೀಪಿ ಬೆಳೆದಿದ್ದು, ಸತ್ತನೇನು?"

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ ನಾನು ವಿನಯದಿಂದಲೇ ವಿವರಿಸಿದೆ. ತಮಗೂ ಇಲಿಂಕಾಳಿಗೂ ಒಂದೇ ಕೋಣೆಯ ಸರಳ ಹೊಟ್ಟೆ, ನಿಜ. ಕೊಬ್ಬು ಸಣ್ಣ ಕರುಳಿಗೆ ಇಳಿದ ಮೇಲೆ ಪಿತ್ತರಸ ಅದನ್ನು ಹನಿಹನಿಯಾಗಿ ಒಡೆಯಬೇಕು, ಮೇದೋಜೀರಕ ಗ್ರಂಥಿಯ ರಸ ಅದನ್ನು ಕತ್ತರಿಸಬೇಕು, ಕರುಳಿನ ಗೋಡೆ ಆ ಚೂರುಗಳನ್ನು ಹೀರಿ, ಮತ್ತೆ ಜೋಡಿಸಿ, ದುಗ್ಧರಸದ ನಾಳದ ಸುತ್ತುದಾರಿಯಲ್ಲಿ ರಕ್ತಕ್ಕೆ ಸೇರಿಸಬೇಕು. ಮಗುವಿಗೆ ಆ ರಸಗಳಿನ್ನೂ ಸಾಲವು. ಎದೆಹಾಲಾದರೆ ತನ್ನ ಕೊಬ್ಬು ಕರಗಿಸುವ ರಸವನ್ನು ತಾನೇ ಹೊತ್ತು ತರುತ್ತದೆ. ಎಲ್ಲ ಕೇಳಿದ ಅತ್ತೆ, "ಆಯ್ತಾ? ಹೋಗು, ಹಂದಿಗೆ ಹಾಕು" ಎಂದರು.

ಹಾಗಾಗಿ ತಮ್ಮಲ್ಲಿಗೇ ಬಂದೆ. ತಮ್ಮ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಹಸು ತಿಂದ ಎಣ್ಣೆಯನ್ನು ಹೊಟ್ಟೆಯಲ್ಲೇ ಹುದುಗಿಸಿ ಗಟ್ಟಿ ಕೊಬ್ಬಾಗಿಸಿಕೊಳ್ಳುತ್ತದೆ. ತಾವು ತಿಂದ ಎಣ್ಣೆಯನ್ನು ಹೆಚ್ಚುಕಡಿಮೆ ಹಾಗೆಯೇ ಬೆನ್ನಿಗೇರಿಸಿಕೊಳ್ಳುತ್ತೀರಿ. ಇಷ್ಟು ನೇರ ನಡೆ ನಮ್ಮ ಪಂಚಾಯಿತಿ ಕಚೇರಿಯಲ್ಲೂ ಕಂಡಿಲ್ಲ. ಆದ್ದರಿಂದ ಹಬ್ಬದೊಳಗೆ ತಾವು ದಯವಿಟ್ಟು ಬಡಕಲಾಗಬೇಕು, ಅಥವಾ ಅತ್ತೆಯವರೊಡನೆ ಕೂತು ಪಿತ್ತರಸದ ಬಗ್ಗೆ ತಾವೇ ಮಾತಾಡಬೇಕು. ಅವರು ತಮ್ಮ ಮಾತನ್ನಾದರೂ ಕೇಳುತ್ತಾರೆ.

ಆಕಳಿಕೆಯ ನಡುವೆಯೂ ತಮ್ಮ ವಿಶ್ವಾಸಿಯಾಗಿರುವ,
ರುಕ್ಸಾಂದ್ರಾ

ಬರೆಯಲು ಮರೆತದ್ದು: ಈ ವಾರದಿಂದ ತಮ್ಮ ಬಾರ್ಲಿ, ಆಲೂಗಡ್ಡೆಯ ಜೊತೆ ಸೂರ್ಯಕಾಂತಿ ಬೀಜವೂ ಧಾರಾಳವಾಗಿ ಬೀಳುತ್ತಿರುವುದನ್ನು ಗಮನಿಸಿರಬಹುದು. "ಅಂತೂ ಸೊಸೆಗೆ ಬುದ್ಧಿ ಬಂತು" ಎಂದು ಅತ್ತೆ ಸಂತೋಷದಲ್ಲಿದ್ದಾರೆ. ಆ ಎಣ್ಣೆಯೆಲ್ಲ ತಮ್ಮ ಬೆನ್ನೇರಿ, ಹಬ್ಬದ ದಿನ ಕೊಬ್ಬು ಚಾಕುವಿಗೂ ನಿಲ್ಲದಷ್ಟು ಮೆತ್ತಗಿರುತ್ತದೆ. ಬಟ್ಟೆಯಲ್ಲಿ ಗಂಟು ಕಟ್ಟಹೋದರೆ ಅತ್ತೆಯ ಬೆರಳ ಸಂದಿಯಿಂದಲೇ ಜಾರುತ್ತದೆ. ತಾವು ನಿಧಾನವಾಗಿ ಅಗಿದು ತಿನ್ನಿ, ಇನ್ನೂ ಬೇಕಿದ್ದರೆ ಗುಟುರು ಹಾಕಿ.