ದೇಶಕ್ಕೆ ದೇಶವೇ ಪಥ್ಯದ ಮೇಲೆ

ನಮ್ಮ ಕಾಕಾ ಜಪಾನಿಗೆ ಹೋದವನಲ್ಲ. ಹಾಗೆ ನೋಡಿದರೆ ಹೈದರಾಬಾದಿನ ಆಚೆಗೇ ಹೋದವನಲ್ಲ. ಆದರೂ ಜಪಾನಿನವರು ಸಾರು ಮಾಡುವಾಗ ಎಲ್ಲಿ ತಪ್ಪುತ್ತಾರೆ ಎಂದು ಅವನಷ್ಟು ಖಚಿತವಾಗಿ ಹೇಳಬಲ್ಲ ಮನುಷ್ಯ ಇಡೀ ಶಹಾಪುರದಲ್ಲಿ ಇನ್ನೊಬ್ಬನಿಲ್ಲ. ಜಪಾನಿನಲ್ಲೂ ಇರಲಿಕ್ಕಿಲ್ಲ!

ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿ ರಿಟೈರಾದ ಈ ಕಾಕಾ ನಮ್ಮಪ್ಪನ ಕೊನೆಯ ತಮ್ಮ. ನಾಲ್ಕು ಜೋಳದ ರೊಟ್ಟಿಗೆ ಆರು ಹಸಿಮೆಣಸಿನಕಾಯಿ ಕಡಿದುಕೊಂಡು ಉಣ್ಣುತ್ತಿದ್ದ ಭೂಪ. ಅಂಥವನಿಗೆ ಜಪಾನು ಹಿಡಿದದ್ದು ಹೋದ ವರ್ಷ. ಅವನ ಹೆಂಡತಿ, ಅಂದರೆ ನಮ್ಮ ಕಾಕುವಿನ ಬಾಯೊಳಗೆ ಗಂಟಾಗಿ ಕಲಬುರಗಿಯಲ್ಲಿ ಆಪರೇಷನ್ ಆಯಿತು. ಗಂಟು ಹೋಯಿತು, ಆದರೆ ಬಾಯಿ ಮೊದಲಿನಂತಾಗಲಿಲ್ಲ. ಖಾರ ಸೋಕಿದರೆ ಉರಿ, ರೊಟ್ಟಿ ಅಗಿದರೆ ರಕ್ತ. ಡಾಕ್ಟರು ಪಥ್ಯ ಹೇಳಿದರು. ನಮ್ಮ ಕಡೆ ಪಥ್ಯ ಎಂದರೆ ಏನೆಂದು ಗೊತ್ತಲ್ಲ? ಗಂಜಿ, ಹಾಲು, ಬ್ರೆಡ್ಡು, ಮತ್ತು ನೋಡಲು ಬಂದವರ ‘ಅಯ್ಯ ಪಾಪ’. ಕಾಕು ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಳು. ಒಬ್ಬಳೇ ಒಳಗೆ ಕೂತು ಎರಡು ಚಮಚ ಕುಡಿದು ಬಟ್ಟಲು ಸರಿಸಿಬಿಡುತ್ತಿದ್ದಳು. ತೂಕ ಇಳಿಯುತ್ತಲೇ ಹೋಯಿತು. ಇವರು ಉಣ್ಣದಿದ್ದರೆ ನಮ್ಮ ಔಷಧಿಯಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದರು.

ಒಂದು ಮುಂಜಾನೆ ಕಾಕಾ ಫೋನು ಹಿಡಿದುಕೊಂಡು ನಮ್ಮ ಮನೆಗೆ ಓಡಿ ಬಂದು ಅಣ್ಣನ ಮಗಳಾದ ನನ್ನ ಮುಂದೆ ಹಿಡಿದ. ಫೋನಿನಲ್ಲಿ ಜಪಾನಿನ ಮುದುಕಿಯೊಬ್ಬಳು ಸೋಯಾ ಹಾಲು ಒಡೆದು ಮಾಡಿದ ಬೆಳ್ಳಗಿನ ಮೆತ್ತನೆಯ ಟೋಫು, ಅನ್ನ, ತಿಳಿಸಾರು ಮುಂದಿಟ್ಟುಕೊಂಡು ಮಕ್ಕಳು ಮೊಮ್ಮಕ್ಕಳ ನಡುವೆ ನಗುತ್ತಾ ಉಣ್ಣುತ್ತಿದ್ದಳು.

“ನೋಡು ತಂಗಿ, ಖಾರ ಇಲ್ಲ, ರೊಟ್ಟಿ ಇಲ್ಲ. ದೇಶಕ್ಕ ದೇಶಾನೇ ಪಥ್ಯದ ಮ್ಯಾಲ ಅದ! ಆದ್ರ ಅಲ್ಲಿ ಯಾರೂ ಅದಕ್ಕ ಪಥ್ಯ ಅನ್ನಾಂಗಿಲ್ಲ. ಊಟ ಅಂತಾರ.”

ಅಲ್ಲಿಂದ ಶುರುವಾಯಿತು ನೋಡಿ. ಮೊದಲು ಬೇಕಾದದ್ದು ಮಿಸೊ. ಸೋಯಾ ಕಾಳನ್ನು ಹುದುಗು ಬರಿಸಿ ಮಾಡುವ ಉಪ್ಪುಪ್ಪಾದ ಮುದ್ದೆ ಅದು, ಸಾರಿಗೆ ಕದಡುತ್ತಾರೆ. ಶಹಾಪುರದ ಕಿರಾಣಿ ಅಂಗಡಿಗಳೆಲ್ಲ ಮುಗಿದ ಮೇಲೆ ಕಾಕಾ ಕೆಂಭಾವಿಯ ಸಂತೆಗೆ ಹೋದ. ಅಲ್ಲಿನ ಅಂಗಡಿಯವನು ಗಿರಾಕಿಗೆ ಇಲ್ಲ ಎನ್ನುವ ಜಾತಿಯವನಲ್ಲ. “ಮಿಸೊ ಏನ್ರಿ? ಈಗರೆ ಖಾಲಿ ಆತ್ರಿ. ಬರೂ ವಾರ ಬರ್ರಿ” ಎಂದ. ಕಾಕಾ ಹಿಗ್ಗಿ ಮನೆಗೆ ಬಂದ. ನೋಡಿದಿರಾ, ಕೆಂಭಾವಿಯಲ್ಲೇ ಮಿಸೊ ಖಾಲಿಯಾಗುವಷ್ಟು ಮಾರಾಟವಾಗುತ್ತದಂತೆ! ಮುಂದಿನ ವಾರ ಹೋದರೆ, “ಅದು ಬಂದಿಲ್ರಿ, ಇದು ಅದಕ್ಕಿಂತ ಛಲೋ ಅದ” ಎಂದು ಹುಣಸೆ ತೊಕ್ಕಿನ ಬಾಟಲಿ ಕೈಗಿಟ್ಟ. ಕಾಕಾ ಅದನ್ನೂ ತಂದ. ಅಷ್ಟು ಪ್ರೀತಿಯಿಂದ ಕೊಟ್ಟವನಿಗೆ ಒಲ್ಲೆ ಅನ್ನುವುದು ಹೇಗೆ?

ಕೊನೆಗೆ ಯಾದಗಿರಿಯಲ್ಲಿ ರೈಲು ಹತ್ತಿ ನಾವಿಬ್ಬರೂ ಹೈದರಾಬಾದಿನ ದೊಡ್ಡ ಅಂಗಡಿಯೊಂದಕ್ಕೆ ಹೋದೆವು. ನಾವೋ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಜಪಾನಿನವರೋ ಸಾರಿನ ಪುಡಿಯಲ್ಲೂ ಮೀನು ಬೆರೆಸುವವರು. ಕಾಕಾ ಒಂದೊಂದು ಪಾಕೀಟಿಗೂ ಫೋನಿನ ಕ್ಯಾಮೆರಾ ಹಿಡಿದು, ಆ ಅಕ್ಷರ ಇಂಗ್ಲಿಷಿಗೆ ತಿರುಗುವುದನ್ನು ಕಾದು, ನನ್ನಿಂದ ಓದಿಸಿ, “ಮೀನ ಅದ, ಇಡು” ಎನ್ನುತ್ತಿದ್ದ. ಕಾವಲಿನವನು ಮೂರು ಸಲ ಬಂದು ನಮ್ಮನ್ನು ನೋಡಿ ಹೋದ. ಎರಡು ತಾಸಿನ ಮೇಲೆ ಮಿಸೊ, ಸೋಯಾ ಸಾಸು, ಟೋಫು, ಒಣಗಿದ ಅಣಬೆ, ಕೊಂಬು ಎಂಬ ಒಣಗಿದ ಸಮುದ್ರದ ಎಲೆ, ಹಸಿರು ಚಟ್ನಿಯಂತೆ ಕಂಡಿತೆಂದು ವಾಸಾಬಿಯ ಒಂದು ಟ್ಯೂಬು, ಇಷ್ಟು ಪಾಸಾದವು.

ಕಾಕು ಆ ಎಲೆಯನ್ನು ಹಿಂದೆ ಮುಂದೆ ತಿರುವಿ ನೋಡಿದಳು.

“ಸಮುದ್ರದಾಗ ಮೀನಾ ಇದನ್ನ ಮುಟ್ಟಿರಾಂಗಿಲ್ಲೇನ್ರಿ?”

ಕಾಕಾ ಎರಡು ದಿನ ಯೋಚಿಸಿದ. ಮೂರನೆಯ ದಿನ ಉತ್ತರ ಬಂತು. “ಕೃಷ್ಣಾ ಹೊಳ್ಯಾಗ ಮೀನಾ ಇಲ್ಲೇನು? ಆ ನೀರು ನಾವು ಕುಡಿಯಾಂಗಿಲ್ಲೇನು?” ಕಾಲುವೆ ಕಚೇರಿಯಲ್ಲಿ ಅಷ್ಟು ವರ್ಷ ಕೂತದ್ದು ಸಾರ್ಥಕವಾಯಿತು.

ಆಮೇಲೆ ಅನ್ನದ ಸರದಿ. ಜಪಾನಿನಲ್ಲಿ ಅನ್ನ ಅಂಟಿಕೊಳ್ಳಬೇಕಂತೆ. ಕಾಕಾ ತಾನೇ ಒಲೆ ಮುಂದೆ ನಿಂತು ಸೋನಾ ಮಸೂರಿಯನ್ನು ಕುದಿಸಿ ಕುದಿಸಿ ಮುದ್ದೆ ಮಾಡಿ ಹೆಮ್ಮೆಯಿಂದ ಇಳಿಸಿದ.

“ಲಗ್ನ ಆದ ವರ್ಷ ನಾ ಹಿಂಗ ಅನ್ನಾ ಮಾಡಿದ್ದಕ್ಕ ನಿಮ್ಮವ್ವ ಓಣಿ ತುಂಬ ಹೇಳಿಕೊಂಡು ಬಂದಿದ್ಳು,” ಎಂದಳು ಕಾಕು. “ಜಪಾನಕ್ಕ ಕೊಟ್ಟಿದ್ರ ಛಲೋ ಸೊಸಿ ಅನ್ನಿಸಿಕೋತಿದ್ನಿ.”

ಆಪರೇಷನ್ನಿನ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅಂದು ಅರ್ಧ ಬಟ್ಟಲು ಖಾಲಿಯಾಯಿತು. ಕಾಕಾ ಬಟ್ಟಲೊಳಗೆ ಇಣುಕಿ, ಇಣುಕದವನಂತೆ ಕೂತು, ತನಗೂ ಅದನ್ನೇ ಬಡಿಸಿಕೊಂಡ. ಮರುದಿನದಿಂದ ಅವನ ಊಟವೂ ಅದೇ ಆಯಿತು. ಮೆಣಸಿನಕಾಯಿ ಮನೆಯಿಂದಲೇ ಹೊರಬಿತ್ತು.

ಬರೀ ಖಾರವೆಂದು ಗೊತ್ತಾದ ವಾಸಾಬಿ ಮಾತ್ರ ಸುರಪುರದ ಬೀಗರ ಪಾಲಿಗೆ ಬಂತು. ಕಾಕಾನ ಮಗಳ ಮಾವನವರು ಅವರು. “ಸಾಸಿವಿಕಾಳಿನಷ್ಟು ಸಾಕ್ರಿ” ಎಂದ ಕಾಕಾ. “ನಮಗ ಖಾರ ಕಲಿಸ್ತೀರೇನ್ರಿ?” ಎಂದು ಬೀಗರು ರೊಟ್ಟಿಗೆ ನಿಂಬೆಕಾಯಿಯಷ್ಟು ಹಚ್ಚಿಕೊಂಡು ಬಾಯಿಗಿಟ್ಟರು. ಟೋಪಿ ತೆಗೆದರು, ಮೂಗು ಹಿಡಿದರು, ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಹೊರಡುವಾಗ ಕಾಕಾನ ಕಿವಿಯಲ್ಲಿ, “ಆ ಟೂಬು ನಮಗ ಕೊಡ್ರಿ. ಹತ್ತು ವರ್ಷದ ನೆಗಡಿ ಹೋತು” ಎಂದರು.

ಆ ಬೀಗರ ಮನೆಯಲ್ಲೇ ಮೊನ್ನೆ ಮೊಮ್ಮಗಳ ತೊಟ್ಟಿಲ ಕಾರ್ಯ. ಕಾಕು ಒಲ್ಲೆನೆಂದಳು. “ಮಂದ್ಯಾಗ ಕುಂತು ನಾ ಏನ್ ಉಣ್ಲಿ?” ಕಾಕಾ ಎರಡು ಡಬ್ಬಿ ಕಟ್ಟಿಕೊಂಡ. “ನಾ ಏನ್ ಉಣ್ತೀನಿ, ಅದನ್ನೇ ಉಣ್ಣು ನಡಿ.”

ಪಂಕ್ತಿಯಲ್ಲಿ ರೊಟ್ಟಿ, ಬದನೆಕಾಯಿ, ಮೆಣಸಿನಕಾಯಿ ಅರೆದ ಕೆಂಪು ಹಿಂಡಿ ಘಮಘಮಿಸುತ್ತಿದ್ದವು. ಅವುಗಳ ನಡುವೆ ಈ ಇಬ್ಬರೂ ಡಬ್ಬಿ ಬಿಚ್ಚಿಕೊಂಡು ಕೂತರು. ಕಾಡಿಸಲು ನಾನೂ ಒಂದು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಕಾಕು ಬಟ್ಟಲನ್ನು ಪೂರ್ತಿ ಮುಗಿಸಿ ಮುಂದೆ ಚಾಚಿದಳು.

“ಇನ್ನೊಂದೀಟು ಹಾಕ್ರಿ.”

ವರ್ಷದಿಂದ ಆ ಮಾತು ಕೇಳಿರಲಿಲ್ಲ. ಅವಳ ಡಬ್ಬಿಯಲ್ಲಿ ಇನ್ನೊಂದೀಟು ಇರಲಿಲ್ಲ. ಕಾಕಾ ತನ್ನ ಡಬ್ಬಿಯಲ್ಲಿದ್ದುದನ್ನೆಲ್ಲ ಅವಳ ಬಟ್ಟಲಿಗೆ ಸುರಿದು, “ನನಗ ಹಸಿವಿಲ್ಲ” ಎಂದ.

ಕಾಕು ಬಡಿಸುವವಳನ್ನು ಕರೆದಳು. “ಇವರಿಗಿ ರೊಟ್ಟಿ ನೀಡವ್ವಾ, ಹಿಂಡಿ ನೀಡು. ಈ ಸಪ್ಪಂದು ಇವರಿಗಿ ಒಂದಿನಾನೂ ಸೇರಿಲ್ಲ. ನನ್ನ ಸಲುವಾಗಿ ನುಂಗಾಕತ್ತಾರ.”

“ಯಾರಂದ್ರು ಸೇರಿಲ್ಲಂತ?” ಎಂದು ಕಾಕಾ ತಟ್ಟೆ ಹಿಂದಕ್ಕೆಳೆದ.

ಕಾಕು ಬಡಿಸುವವಳ ಕೈಯಿಂದ ತಾನೇ ಇಸಿದುಕೊಂಡಳು. ರೊಟ್ಟಿ ಮುರಿದು, ತನ್ನ ಬಾಯಿಗೆ ಇನ್ನು ಸೋಕಿಸಲಾಗದ ಹಿಂಡಿಯಲ್ಲಿ ಅದ್ದಿ, ಆ ವಯಸ್ಸಿನಲ್ಲಿ, ಬೀಗರೆಲ್ಲರ ಎದುರಿಗೆ, ತುತ್ತನ್ನು ಅವನ ಬಾಯಿಯ ಹತ್ತಿರ ಹಿಡಿದಳು. ನನಗೆ ಅಳು ಬಂತು. ಕಾಕಾ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಸುಮ್ಮನೆ ಬಾಯಿ ತೆರೆದ.