ಹುಣಸೆಹಣ್ಣಿನ ಹೀಟರು

ಮನೆಯಲ್ಲಿ ವಿಜ್ಞಾನ ಓದಿದ ಹೆಣ್ಣುಮಗಳೊಬ್ಬಳಿದ್ದರೆ, ಕೆಟ್ಟುಹೋದ ಸಾಮಾನುಗಳೆಲ್ಲ ಹೇಗೋ ಅವಳ ಕಾಲಬುಡಕ್ಕೇ ಬಂದು ಕೂರುತ್ತವೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ನಾನು ಅರಸೀಕೆರೆಗೆ ಹಿಂತಿರುಗಿದಾಗ, ಯಾವುದಾದರೂ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ಉಳಿದ ಹೊತ್ತು ಯಾರ ಕಣ್ಣಿಗೂ ಬೀಳದೆ ಓದಿಕೊಂಡಿರಬಹುದೆಂದು ಎಣಿಸಿದ್ದೆ. ಕೆಲಸದ ಆರ್ಡರು ಬರುವ ಮೊದಲೇ ಇಸ್ತ್ರಿಪೆಟ್ಟಿಗೆ ಬಂತು, ಗೋಡೆ ಗಡಿಯಾರ ಬಂತು, ಪಕ್ಕದ ಮನೆಯವರ ರೇಡಿಯೋ ಬಂತು. ಹಲ್ಲುಜ್ಜುವ ಮೊದಲೇ ದಣಿವಾಗುವುದು ನನಗೆ ಆಗಲೇ ಅಭ್ಯಾಸವಾಯಿತು. ಕಡೆಗೆ ಕಾರಿನ ಹೀಟರೂ ಬಂತು.

ನಮ್ಮ ಕಾರು ಮೊದಲು ಅರೇಹಳ್ಳಿ ಕಡೆಯ ಕಾಫಿ ತೋಟದ ದೊರೆಯೊಬ್ಬನದು. ಅವನು ತನ್ನ ದೇಶಕ್ಕೆ ಹೊರಟಾಗ, ವಕೀಲರಾದ ನಮ್ಮಪ್ಪ ಅದನ್ನು ಕೊಂಡುಕೊಂಡರು. ಅದರ ಮುಂದಿನ ಉದ್ದನೆಯ ಸೀಟಿನೆದುರು, ಕಾಲಿನ ಹತ್ತಿರ, ಒಂದು ತಗಡಿನ ಡಬ್ಬಿ ಇತ್ತು. ಎಂಜಿನ್ನಿನಲ್ಲಿ ಕಾದ ನೀರು ಆ ಡಬ್ಬಿಯೊಳಗೆ ಸುತ್ತಿ ಹೋಗುತ್ತದೆ, ಒಂದು ಪುಟ್ಟ ಫ್ಯಾನು ಆ ಬಿಸಿಯನ್ನು ಕಾಲಿನತ್ತ ಊದುತ್ತದೆ. ಅರಸೀಕೆರೆಯಲ್ಲಿ ಇಂಥದ್ದು ಯಾರ ಹತ್ತಿರವೂ ಇರಲಿಲ್ಲವಾದ್ದರಿಂದ ಅಪ್ಪ ಬೇಸಿಗೆಯಲ್ಲೂ ಅದನ್ನು ನಡೆಸಿ ಕಕ್ಷಿಗಾರರಿಗೆ ತೋರಿಸುತ್ತಿದ್ದರು. ಅವರು ಬೆವರು ಒರೆಸಿಕೊಳ್ಳುತ್ತ ಭೇಷ್ ಎನ್ನುತ್ತಿದ್ದರು. ನಿಜವಾಗಿ ಚಳಿ ಹಿಡಿದಾಗ, ಅದು ಐಸಿನಂಥ ಗಾಳಿಯನ್ನು ಊದತೊಡಗಿತು.

ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ, ಏಕೆಂದರೆ ಅಜ್ಜಿ ಕಾಯುತ್ತಿದ್ದರು. ಅಜ್ಜಿ, ಎಂದರೆ ಅಪ್ಪನ ತಾಯಿ, ಬೇಲೂರಿನ ಹೆಣ್ಣುಮಗಳು. ಅವರ ತಮ್ಮ ಅಲ್ಲಿನ ದೇವಸ್ಥಾನದ ಪಾಕಶಾಲೆಯಲ್ಲಿದ್ದರು. ಧನುರ್ಮಾಸದಲ್ಲಿ ಒಂದು ದಿನವಾದರೂ ಬೆಳಕು ಹರಿಯುವ ಮೊದಲು ಅಲ್ಲಿ ನಿಂತು ಪೂಜೆ ನೋಡಿ, ತಮ್ಮನ ಕೈಯ ಹುಗ್ಗಿ ಪ್ರಸಾದ ತಿನ್ನದಿದ್ದರೆ ಅಜ್ಜಿಗೆ ಆ ವರ್ಷ ಬದುಕಿದ್ದು ಲೆಕ್ಕಕ್ಕಿಲ್ಲ. ಆದರೆ ಹಿಂದಿನ ಸಲ ಹೋಗಿಬಂದ ಮೇಲೆ ಅವರಿಗೆ ಉಬ್ಬಸ ಹಿಡಿದು ಮನೆಮಂದಿಯೆಲ್ಲ ಹೆದರಿದ್ದೆವು. ಅಪ್ಪ ಖಂಡಿತವಾಗಿ ಹೇಳಿಬಿಟ್ಟರು: “ಹೀಟರ್ ನಡೆದ್ರೆ ಬೇಲೂರು. ಇಲ್ಲಾಂದ್ರೆ ಇಲ್ಲೇ ದೇವರ ಮುಂದೆ ದೀಪ ಹಚ್ಚಿ ಕೂತ್ಕೋಮ್ಮ.”

ಅಜ್ಜಿ ಅವರೊಡನೆ ವಾದಿಸಲಿಲ್ಲ. ನನ್ನ ಕಡೆ ತಿರುಗಿ, “ನೀನು ಶಾಖದ ವಿಷಯ ಓದಿದೀಯಂತಲ್ಲೇ?” ಎಂದರು.

ಬಸ್‌ಸ್ಟ್ಯಾಂಡ್ ಹಿಂದಿನ ಮೆಕ್ಯಾನಿಕ್ಕು ಬಂದು ಬಾನೆಟ್ಟಿನೊಳಗೆ ತಲೆಹಾಕಿ ನೋಡಿದ. “ಕಾದ ಗಾಡಿ ತಣ್ಣಗೆ ಮಾಡೋ ಅಂದ್ರೆ ಮಾಡ್ತೀನಿ ಕಣ್ರಮ್ಮ. ತಣ್ಣಗಿರೋದ್ನ ಯಾತಕ್ ಬಿಸಿ ಮಾಡ್ತೀರ? ಕಂಬ್ಳಿ ಐತಲ್ಲ, ಒದ್ಕೊಳ್ಳಿ,” ಎಂದು ಹೊರಟುಹೋದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಆಮೇಲೆ ನಾನೇ ಎಂಜಿನ್ ಓಡಿಸಿ, ಡಬ್ಬಿಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಮುಟ್ಟಿ ನೋಡಿದೆ. ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು. ನೀರು ಡಬ್ಬಿಯ ಬಾಗಿಲವರೆಗೆ ಬಂದು ಒಳಗೆ ಹೋಗಲಾರದೆ ನಿಂತಿದೆ ಎಂದಾಯಿತು. ಏಕೆಂಬುದು ಮರುದಿನ ಸ್ನಾನಕ್ಕೆ ಹೋದಾಗ ತಿಳಿಯಿತು. ನಮ್ಮ ಬಾವಿಯ ನೀರು ಗಡಸು, ಬಚ್ಚಲಿನ ತಾಮ್ರದ ಹಂಡೆಯ ಒಳಗೆಲ್ಲ ಸುಣ್ಣ ಬಳಿದಂತೆ ಬಿಳಿಯ ಪದರ ಕಟ್ಟಿರುತ್ತದೆ. ಚಳಿಯ ಬೆಳಿಗ್ಗೆ ಕಾರು ಬೇಗ ಹೊರಡಲಿ ಎಂದು ಅಪ್ಪ ದಿನವೂ ರೇಡಿಯೇಟರಿಗೆ ತುಂಬುತ್ತಿದ್ದದ್ದು ಆ ಹಂಡೆಯ ಬಿಸಿನೀರನ್ನೇ. ಅದನ್ನು ತಮ್ಮ ಹಳೆಯ ಪಂಚೆಯಲ್ಲಿ ಶ್ರದ್ಧೆಯಿಂದ ಸೋಸಿಯೂ ಹಾಕುತ್ತಿದ್ದರು. ಅರೇಹಳ್ಳಿಯ ಹಳ್ಳದ ನೀರು ಕುಡಿದು ಬೆಳೆದ ಕಾರಿಗೆ ನಾವು ಹೀಗೆ ಸುಣ್ಣ ಕುಡಿಸಿದ್ದೆವು.

ಹಂಡೆಗೆ ಹಾಕುವ ಮದ್ದನ್ನೇ ಕಾರಿಗೂ ಹಾಕಿದೆ. ಹಳೆಯ ಹುಣಸೆಹಣ್ಣನ್ನು ನೆನೆಸಿ, ಕಿವುಚಿ, ಸೋಸಿ, ಪೈಪು ಕಳಚಿ ಆಲಿಕೆಯಿಟ್ಟು ಡಬ್ಬಿಗೆ ಸುರಿದೆ. ಬರಿದಾದ ಜಾಡಿಯನ್ನು ಹಿಡಿದು ಅಮ್ಮ ಅಂಗಳಕ್ಕೆ ಬಂದರು. “ಮನೆಯವರಿಗೆ ಸಾರಿಲ್ಲ, ಕಾರಿಗೆ ಸಾರು! ಹೆಂಗೂ ಮಾಡಿದೀಯ, ಒಗ್ಗರಣೇನೂ ಕೊಟ್ಬಿಡು ತಾಯಿ.” ಮರುದಿನ ಪೈಪಿನಿಂದ ಮೊಸರಿನಂಥ ರಾಡಿ ಸುರಿಯಿತು. ಎಂಜಿನ್ ಕಾದಾಗ ಡಬ್ಬಿಯಿಂದ ಬೆಚ್ಚನೆಯ ಗಾಳಿ ಬಂತು. ಅಪ್ಪ ಎರಡು ಕೈಗಳನ್ನೂ ಅದಕ್ಕೆ ಒಡ್ಡಿ, “ಓದಿಸಿದ್ದು ದಂಡವಾಗ್ಲಿಲ್ಲ,” ಎಂದರು. ಮೂರು ವರ್ಷ ಓದಿದ್ದಕ್ಕೆ ಅವರಿಂದ ಸಿಕ್ಕ ಮೊದಲ ಪ್ರಶಸ್ತಿ ಅದು.

ಕತ್ತಲಿರುವಾಗಲೇ ಹೊರಟೆವು. ಅಪ್ಪ ಸ್ಟಿಯರಿಂಗ್ ಹಿಡಿದಿದ್ದರು, ನಡುವೆ ನಾನು, ನನ್ನ ಪಕ್ಕ ಡಬ್ಬಿಯ ನೇರಕ್ಕೆ ಅಜ್ಜಿ. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆಹೋದರು. ಜಾವಗಲ್ ದಾಟುವವರೆಗೆ ಎಲ್ಲ ಸುಖವಾಗಿತ್ತು. ಆಮೇಲೆ ಅಜ್ಜಿ ಮೆಲ್ಲನೆ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಬಗ್ಗಿ ಮುಟ್ಟಿ ನೋಡಿದರೆ, ಡಬ್ಬಿಯ ತಳದಿಂದ ಉಗುರುಬೆಚ್ಚನೆಯ ನೀರು ತೊಟ್ಟಿಕ್ಕುತ್ತಿತ್ತು. ತಗಡಿನ ಸಣ್ಣ ತೂತುಗಳನ್ನು ಅಷ್ಟು ದಿನ ಮುಚ್ಚಿಕೊಂಡಿದ್ದದ್ದು ನಾನು ಕರಗಿಸಿದ ಆ ಸುಣ್ಣವೇ ಎಂಬುದು ನನಗೆ ಅಲ್ಲಿ, ಆ ಕತ್ತಲಲ್ಲಿ ಹೊಳೆಯಿತು. ಅಪ್ಪನಿಗೆ ಹೇಳಿದರೆ ಕಾರು ಅಲ್ಲೇ ಅರಸೀಕೆರೆಗೆ ತಿರುಗುವುದು ಖಂಡಿತ. ಅಜ್ಜಿ ನನ್ನ ಮುಖ ನೋಡಿದರು. ನಾನು ಹೊದ್ದಿದ್ದ ಶಾಲನ್ನು ತೆಗೆದು ಮಡಿಸಿ ಡಬ್ಬಿಯ ಕೆಳಗೆ ಇಟ್ಟೆ. ಇಬ್ಬರೂ ಮತ್ತೆ ರಸ್ತೆ ನೋಡುತ್ತ ಕುಳಿತೆವು.

ಹಳೇಬೀಡು ಹತ್ತಿರ ಬಂದಾಗ ಅಪ್ಪ ಮೂಗರಳಿಸಿದರು. “ಏನೋ ಸಾರು ಕುದ್ದ ವಾಸನೆ ಬರ್ತಿದೆಯಲ್ಲ?”

“ಯಾರ ಮನೇಲೋ ಒಲೆ ಹಚ್ಚಿರ್ಬೇಕು ಕಣೋ,” ಎಂದರು ಅಜ್ಜಿ.

“ಇಷ್ಟು ಹೊತ್ತಿಗೇನಾ?”

“ಧನುರ್ಮಾಸ ಕಣೋ. ಎಲ್ಲರೂ ನಿನ್ನ ಹಾಗೆ ಬಿಸಿಲು ಬರೋವರ್ಗೂ ಮಲಗಿರ್ತಾರಾ? ಮುಂದೆ ನೋಡ್ಕೊಂಡು ಓಡ್ಸು.”

ಬೇಲೂರಿನ ಗೋಪುರದೆದುರು ನಿಂತಾಗ ಬಾನೆಟ್ಟಿನಿಂದ ಹೊಗೆಯಂತೆ ಹಬೆ ಏಳುತ್ತಿತ್ತು. ಅಪ್ಪ ಗಾಬರಿಯಾಗಿ ಅದನ್ನೆತ್ತುವಷ್ಟರಲ್ಲಿ ಅಜ್ಜಿ, ಆ ವಯಸ್ಸಿನಲ್ಲಿ ನಾನು ಕಂಡಿರದ ಚುರುಕಿನಿಂದ, ಬಾಗಿಲೊಳಗೆ ಮಾಯವಾಗಿದ್ದರು. ನಾನು ಶಾಲು ಹಿಂಡಿದೆ. ಅಪ್ಪ ಶಾಲನ್ನು ನೋಡಿದರು, ನನ್ನನ್ನು ನೋಡಿದರು. ಕೋರ್ಟಿನಲ್ಲಿ ಸಾಕ್ಷಿ ತಿರುಗಿಬಿದ್ದಾಗ ಮಾಡುವಂತೆ ಕನ್ನಡಕ ತೆಗೆದು ಒರೆಸಿಕೊಂಡರು.

ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ವಾಪಸಾದೆವು. ಕಿಟಕಿಯ ಗಾಜು ಏರಿಸಲು ಬರುತ್ತಿರಲಿಲ್ಲ, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಹುಗ್ಗಿ ತಿಂದು ತೃಪ್ತರಾದ ಅಜ್ಜಿ ಮಾದಿಹಳ್ಳಿಯಿಂದ ಹತ್ತಿದ ಹೆಂಗಸಿನೊಡನೆ ಅವಳು ಇಳಿಯುವ ತನಕ ಮಾತಾಡಿದರು. ಒಂದು ಸಲವೂ ಕೆಮ್ಮಲಿಲ್ಲ. ಜ್ವರ ಬಂದದ್ದು ನನಗೆ.

ಹಾಸಿಗೆಯ ಪಕ್ಕ ಅಜ್ಜಿ ಮೆಣಸಿನ ಸಾರು ಹಿಡಿದು ಕುಳಿತರು. ಹುಣಸೆಹಣ್ಣು ಮುಗಿದಿದ್ದರಿಂದ ಅದಕ್ಕೆ ನಿಂಬೆಹಣ್ಣು ಹಿಂಡಿದ್ದರು. ಅಪ್ಪ ಆಚೆಗೆ ಹೋಗುವುದನ್ನೇ ಕಾದು, ದನಿ ತಗ್ಗಿಸಿ ಕೇಳಿದರು: “ಅಲ್ಲವೇ, ಸುಣ್ಣ ತೆಗೆದದ್ದಕ್ಕೆ ತಾನೇ ಸೋರಿದ್ದು? ಒಂದಿಷ್ಟು ಸುಣ್ಣ ವಾಪಸ್ ಹಾಕಿದ್ರೆ ನಿಲ್ಲೋದಿಲ್ವೇನೇ? ತಿಂಗಳು ಇನ್ನೂ ಮುಗಿದಿಲ್ಲ.”

ಇದು ಭೌತಶಾಸ್ತ್ರವಲ್ಲ ಎನ್ನಬೇಕೆಂದುಕೊಂಡೆ. ಆದರೆ ಅಷ್ಟರಲ್ಲಿ ಸೀನು ಬಂತು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಎಷ್ಟು ಸುಣ್ಣ ಹಾಕಬೇಕಾದೀತೆಂದು ನಾನು ಆಗಲೇ ಯೋಚಿಸತೊಡಗಿದ್ದೆ.