ಇಂಜಿನ್ ಇಲ್ಲದ ರೈಲಿನಲ್ಲಿ ಬೆಣ್ಣೆ ಹರಕೆ

ಬಿಡದಿಯಿಂದ ಬೆಂಗಳೂರಿಗೆ ದಿನಾ ಮೆಮು ರೈಲಿನಲ್ಲಿ ಓಡಾಡಿ, ಆ ರೈಲನ್ನು ನಾನೇ ಕಟ್ಟಿಸಿದೆ ಎನ್ನುವಷ್ಟು ತಿಳಿವಳಿಕೆ ನನಗೆ ಬಂದುಬಿಟ್ಟಿತ್ತು. ಅದನ್ನು ಕೇಳಿದವರಿಗೂ ಕೇಳದವರಿಗೂ ಹಂಚುತ್ತಿದ್ದೆ.

ಮಗಳಿಗೆ ಮಗುವಾದರೆ ಮನೆಯಲ್ಲೇ ಕಡೆದ ಬೆಣ್ಣೆ ಒಪ್ಪಿಸುತ್ತೇನೆಂದು ನನ್ನ ಹೆಂಡತಿ ನಾಗರತ್ನ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತಿದ್ದಳು. ಮಗುವಾಯಿತು. ಬೇಸಿಗೆಯ ಒಂದು ದಿನ ಸ್ಟೀಲ್ ಡಬ್ಬಿಗೆ ಬೆಣ್ಣೆ ತುಂಬಿ, ಒದ್ದೆ ಬಟ್ಟೆ ಸುತ್ತಿ, ಎದೆಗವಚಿಕೊಂಡು ರೈಲು ಹತ್ತಿದಳು. ದೊಡ್ಡಮಳೂರಿಗೆ ಚನ್ನಪಟ್ಟಣದಲ್ಲಿ ಇಳಿಯಬೇಕು. ನಾನು ಬಲು ಗತ್ತಿನಿಂದ ಮೊದಲ ಬೋಗಿಯ ಮೊದಲ ಸೀಟು ಹಿಡಿದೆ.

“ಒದ್ದೆ ಬಟ್ಟೆ ಯಾಕೆ ಕಣೆ? ಈ ರೈಲ್ಗೆ ಇಂಜಿನ್ನೇ ಇಲ್ಲ. ಇಂಜಿನ್ ಇಲ್ದ ಮೇಲೆ ಶಾಖ ಎಲ್ಲಿಂದ ಬತ್ತದೆ?”

“ಇಂಜಿನ್ನೇ ಇಲ್ದೆ ಅದೆಂಗ್ರೀ ಓಡ್ತೈತೆ?”

“ಎಲ್ಲಾ ಕರೆಂಟು! ತಣ್ಣಗಿರ್ತದೆ. ತತ್ತಾ ಇಲ್ಲಿ.”

ಬಟ್ಟೆ ಬಿಚ್ಚಿ, ಡಬ್ಬಿಯನ್ನು ತಲೆಯ ಮೇಲಿನ ಹಲಗೆಯಲ್ಲಿ ಮುಂದಿನ ಗೋಡೆಗೆ ಒತ್ತಿ ಅಡ್ಡ ಮಲಗಿಸಿದೆ. ಗೋಡೆ ಬೆಚ್ಚಗಿತ್ತು. ಬಿಸಿಲಿಗೆ ಕಾದಿರಬೇಕು ಎಂದುಕೊಂಡೆ.

ರಾಮನಗರದಲ್ಲಿ ಎಕ್ಸ್‌ಪ್ರೆಸ್ ಮುಂದೆ ಹೋಗಲೆಂದು ನಮ್ಮ ರೈಲನ್ನು ನಿಲ್ಲಿಸಿದರು. ಎದುರು ಸೀಟಿನ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

“ಅಣ್ಣಾ, ನಿಮ್ ತಲೆ ಮೇಲೆ ಏನೋ ತೊಟ್ಟಿಕ್ತಾ ಐತೆ.”

“ಯಂತ್ರ ತಣ್ಣಗೆ ಮಾಡೋ ನೀರು ಕಣಮ್ಮ. ಹೊಸ ಡಿಸೈನು!”

ನಾಗರತ್ನ ನನ್ನ ಕೆನ್ನೆಗೆ ಇಳಿದದ್ದನ್ನು ಬೆರಳಲ್ಲಿ ಒರೆಸಿಕೊಂಡು ಮೂಸಿ ನೋಡಿದಳು. “ಅಯ್ಯೋ! ನನ್ ಬೆಣ್ಣೆ!”

ಗಾಬರಿಯಿಂದ ಎದ್ದು ಡಬ್ಬಿ ಎಳೆದುಕೊಂಡೆ. ಅದೇ ಹೊತ್ತಿಗೆ ರೈಲು ಹೊರಟಿತು. ಈ ರೈಲು ನಿಂತಲ್ಲಿಂದ ಚಂಗನೆ ವೇಗ ಹಿಡಿಯುತ್ತದೆ ಎಂದು ಊರಿಗೆಲ್ಲ ಹೇಳಿದವನು ನಾನೇ! ಮುಚ್ಚಳ ಹಾರಿತು. ಶರ್ಟು, ಪಂಚೆ, ಚಪ್ಪಲಿ, ಎಲ್ಲಕ್ಕೂ ಅಭಿಷೇಕವಾಯಿತು.

ಬೇರೆ ರೈಲಿನಲ್ಲಿ ಇಂಜಿನ್ನಿನೊಳಗಿರುವ ಯಂತ್ರಗಳಲ್ಲಿ ಒಂದಷ್ಟನ್ನು ಈ ರೈಲಿನಲ್ಲಿ ಆ ಗೋಡೆಯ ಹಿಂದೆಯೇ ಇಟ್ಟಿರುತ್ತಾರೆಂದು ಆಮೇಲೆ ತಿಳಿಯಿತು. ನಾಗರತ್ನಳ ಕಣ್ಣಲ್ಲಿ ನೀರು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಡಬ್ಬಿಯಲ್ಲಿ ನಿಂಬೆಹಣ್ಣಿನಷ್ಟು ಗಟ್ಟಿ ಬೆಣ್ಣೆ ಉಳಿದಿತ್ತು. ಅದನ್ನೇ ಒದ್ದೆ ಬಟ್ಟೆಯಲ್ಲಿ ಹಿಡಿದು ದೇವಸ್ಥಾನದವರೆಗೂ ತಂದಳು. ನನ್ನನ್ನು ಮುಟ್ಟಲು ಬಿಡಲಿಲ್ಲ.

“ಅಂಬೆಗಾಲಿಡೋ ಕೂಸಿಗೆ ಇಷ್ಟು ಸಾಕಮ್ಮ,” ಎಂದರು ಅರ್ಚಕರು. ಅವಳ ಮುಖ ಅರಳಿತು.

ಪ್ರಸಾದದ ಬೆಣ್ಣೆ ಹಂಚುತ್ತಾ ಅರ್ಚಕರು ಬಂದಾಗ ನಾನೂ ಕೈ ಚಾಚಿದೆ.

“ಅವ್ರಿಗೆ ಬ್ಯಾಡ ಸ್ವಾಮಿ,” ಎಂದಳು ನಾಗರತ್ನ, “ಆಗ್ಲೇ ಮೈತುಂಬಾ ತಕ್ಕೊಂಡವ್ರೆ!”

ಅರ್ಚಕರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಪಕ್ಕದವರ ಕೈಗೆ ಪ್ರಸಾದ ಹಾಕಿದರು.